ಹಳೇ ಬಿ450 ಬೋರ್ಡಿಗೇ ರೈಜನ್ 5600 ಹಾಕೋದಾ, ಇಲ್ಲಾ ಎಲ್ಲಾ ಹೊಸದಾಗಿ ತಗೊಳ್ಳೋದಾ? ಮೂರರಲ್ಲೂ ಕೆಲಸ ಮಾಡಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಹಳೇ ಬೋರ್ಡಿಗೇ. 2018ರ ಕೊನೇಲಿ ತಗೊಂಡಿದ್ದ ಬಿ450 ಮದರ್‌ಬೋರ್ಡು, ಅದರಲ್ಲಿದ್ದ ರೈಜನ್ 5 1600 ಪ್ರೊಸೆಸರ್ ತೆಗೆದು ರೈಜನ್ 5 5600 ಹಾಕ್ದೆ, ಒಂಬತ್ತು ಸಾವಿರದ ಚಿಲ್ಲರೆ ಆಯ್ತು ಅಷ್ಟೇ, ರ‍್ಯಾಮ್ ಅದೇ, ಎಸ್‌ಎಂಪಿಎಸ್ ಅದೇ, ಗ್ರಾಫಿಕ್ಸ್ ಕಾರ್ಡ್ ಅದೇ, ಕ್ಯಾಬಿನೆಟ್ಟೂ ಅದೇ. ಆದ್ರೆ ಆ ಒಂಬತ್ತು ಸಾವಿರದ ಹಿಂದೆ ಮೂರು ದಿನದ ಒದ್ದಾಟ ಇದೆ, ಅದನ್ನ ಯಾರೂ ಮೊದ್ಲೇ ಹೇಳಿರ್ಲಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ನಮ್ದು ಶಿವಮೊಗ್ಗದಲ್ಲಿ ಮದ್ವೆ, ಗೃಹಪ್ರವೇಶ, ನಾಮಕರಣದ ಫೋಟೋ ವಿಡಿಯೋ ಕೆಲಸ. ಸೀಸನ್ನಲ್ಲಿ ಸಿಸ್ಟಮ್ ಬಿಚ್ಚೋಕೆ ಧೈರ್ಯ ಬರಲ್ಲ, ಆಲ್ಬಮ್ ಯಾವಾಗ ಕೊಡ್ತೀರಾ ಅಂತ ದಿನಾ ಫೋನ್ ಬರ್ತಿರತ್ತೆ. ಆಷಾಢದಲ್ಲಿ ಮದ್ವೆ ಇರಲ್ಲ, ಹಾಗಾಗಿ 2025ರ ಆಷಾಢದಲ್ಲೇ ಮುಗಿಸ್ಬೇಕು ಅಂತ ಕೂತೆ. ಅವಸರಕ್ಕೆ ಇನ್ನೊಂದು ಕಾರಣಾನೂ ಇತ್ತು, ವಿಂಡೋಸ್ 10ಕ್ಕೆ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತಿತ್ತು, ವಿಂಡೋಸ್ 11 ಹಾಕೋಣ ಅಂದ್ರೆ ಮೈಕ್ರೋಸಾಫ್ಟ್ ಪಟ್ಟೀಲಿ ರೈಜನ್ 1600 ಇಲ್ಲ, 2000 ಸೀರೀಸಿಂದ ಮೇಲೆ ಮಾತ್ರ. ಆರು ಕೋರು ಹನ್ನೆರಡು ಥ್ರೆಡ್ಡು, ಚೆನ್ನಾಗೇ ಓಡ್ತಿದ್ದ ಪ್ರೊಸೆಸರ್ರು, ಆದ್ರೂ ಬದಲಾಯಿಸ್ಲೇಬೇಕಾಯ್ತು.

ನನ್ನ ಮುಂದೆ ಇದ್ದಿದ್ದು ಮೂರು ದಾರಿ. ಒಂದು, ಇರೋ ಬೋರ್ಡಿಗೇ 5600. ಎರಡು, ಭದ್ರಾವತೀಲಿ ಸ್ಟುಡಿಯೋ ಇಟ್ಟಿರೋ ನಮ್ಮ ಭಾವ ಮಾಡಿದ ಹಾಗೆ ಐ5-12400, ಎಚ್610 ಬೋರ್ಡು, ಡಿಡಿಆರ್4 ರ‍್ಯಾಮು. ಮೂರು, ಬೆಂಗಳೂರಲ್ಲಿರೋ ಗೆಳೆಯನ ಹಾಗೆ ಪೂರ್ತಿ ಹೊಸ ಎಎಂ5 (ಎಎಂಡಿಯ ಹೊಸ ಸಾಕೆಟ್, ಅಂದ್ರೆ ಪ್ರೊಸೆಸರ್ ಕೂರೋ ಜಾಗ), ರೈಜನ್ 5 7600, ಬಿ650, ಡಿಡಿಆರ್5. ಭಾವನ ಸಿಸ್ಟಮ್ಮಲ್ಲಿ ಎರಡು ಮದ್ವೆ ಆಲ್ಬಮ್ ಮಾಡಿದೀನಿ, ಗೆಳೆಯನ ಮನೇಲಿ ಒಂದು ವಾರ ಉಳ್ಕೊಂಡು ಒಂದು ದೊಡ್ಡ ವಿಡಿಯೋ ಕಟ್ ಮಾಡಿದೀನಿ, ಅಷ್ಟರ ಮಟ್ಟಿಗೆ ಮೂರೂ ಗೊತ್ತು.

ಎಎಂ5 ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಮೂರರಲ್ಲಿ ಹೆಚ್ಚು ವೇಗ ಅದರದ್ದೇ, ಅನುಮಾನಾನೇ ಇಲ್ಲ. ಆದ್ರೆ ಹಳೇ ರ‍್ಯಾಮ್ ಒಂದು ಕಡ್ಡೀನೂ ಅದಕ್ಕೆ ಹೋಗಲ್ಲ, ಬೋರ್ಡು, ರ‍್ಯಾಮು, ಪ್ರೊಸೆಸರ್ ಎಲ್ಲಾ ಸೇರಿ ಗೆಳೆಯನಿಗೆ ನಲವತ್ತು ಸಾವಿರದ ಹತ್ರ ಬಂತು. ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಟ್ರೈನಿಂಗ್ ಅಂತ ಕೆಲವು ನಿಮಿಷ ಡಿಸ್‌ಪ್ಲೇನೇ ಬರಲ್ಲ, ಗಾಬರಿಯಾಗಿ ಸ್ವಿಚ್ ಆಫ್ ಮಾಡ್ಬೇಡಿ, ಕಾಯಿರಿ. ಈ ಸಾಕೆಟ್ಟಿಗೆ 2027ರ ನಂತರಾನೂ ಸಪೋರ್ಟ್ ಕೊಡ್ತೀವಿ ಅಂತ ಎಎಂಡಿ ಹೇಳಿದೆ, ಹೊಸದಾಗಿ ಸೊನ್ನೆಯಿಂದ ಕಟ್ಟೋರಿಗೆ ಅದು ದೊಡ್ಡ ಮಾತು. ನನಗೆ ಸೀಸನ್ ಇಲ್ಲದ ತಿಂಗಳಲ್ಲಿ ನಲವತ್ತು ಸಾವಿರ ಅಂದ್ರೆ ಒಂದು ಲೆನ್ಸ್.

ಭಾವನ 12400ಗೆ ಒಂದು ವಿಷ್ಯದಲ್ಲಿ ಕೈ ಮುಗೀಬೇಕು. ಅವ್ರ ಹೊಸ ಕ್ಯಾಮೆರಾದಲ್ಲಿ ಬರೋ ಎಚ್.265, 10 ಬಿಟ್, 4:2:2 ಫೂಟೇಜು (ಬಣ್ಣದ ವಿವರ ಜಾಸ್ತಿ ಇರೋ ವಿಡಿಯೋ) ಎಡಿಟಿಂಗ್ ಸಾಫ್ಟ್‌ವೇರ್ ಆದ ಪ್ರೀಮಿಯರ್‌ನಲ್ಲಿ ನೀರು ಹರಿದ ಹಾಗೆ ಓಡತ್ತೆ, ಯಾಕಂದ್ರೆ ಇಂಟೆಲ್ ಒಳಗಿರೋ ಗ್ರಾಫಿಕ್ಸಿನಲ್ಲಿ ಕ್ವಿಕ್ ಸಿಂಕ್ ಅಂತ ಇದೆ, ಅದು ಆ ಫಾರ್ಮ್ಯಾಟನ್ನ ನೇರವಾಗಿ ಬಿಡಿಸತ್ತೆ. ನನ್ನ 5600ರಲ್ಲಿ ಒಳಗೆ ಗ್ರಾಫಿಕ್ಸೇ ಇಲ್ಲ, ನನ್ನ 1660 ಸೂಪರ್ ಗ್ರಾಫಿಕ್ಸ್ ಕಾರ್ಡಿಗೆ 4:2:2 ಬರಲ್ಲ, ಅದೇ ಕ್ಲಿಪ್ ನನ್ನಲ್ಲಿ ಹಾಕಿದ್ರೆ ಪ್ರಾಕ್ಸಿ, ಅಂದ್ರೆ ಹಗುರವಾದ ನಕಲು, ಮಾಡ್ಕೊಂಡೇ ಕೂರ್ಬೇಕು. ನಿಮ್ಮ ಕ್ಯಾಮೆರಾ ಅಂಥದ್ದಾದ್ರೆ ಇನ್ನು ಮುಂದೆ ಓದೋದೇ ಬೇಡ, 12400 ತಗೊಳ್ಳಿ. ಆದ್ರೆ ಕೊನೇಲಿ ಎಫ್ ಇರೋ 12400ಎಫ್ ತಗೋಬೇಡಿ, ಒಂದೆರಡು ಸಾವಿರ ಉಳಿಯತ್ತೆ ಅಂತ ಎಷ್ಟೋ ಜನ ಅದನ್ನೇ ತಗೋತಾರೆ, ಅದರಲ್ಲಿ ಆ ಗ್ರಾಫಿಕ್ಸ್ ಭಾಗಾನೇ ಬಂದ್ ಆಗಿರತ್ತೆ. ನನ್ನ ಕ್ಯಾಮೆರಾ ಹಳೇದು, 8 ಬಿಟ್ ಬರೋದು, ನನಗೆ ಆ ಲಾಭ ಇಲ್ಲ. ಭಾವನ ಹಳೇ ಸಿಸ್ಟಮ್ ಡಿಡಿಆರ್3 ಕಾಲದ್ದು, ಏನೂ ಉಳಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ, ಅವ್ರಿಗೆ ಇಪ್ಪತ್ನಾಲ್ಕು ಸಾವಿರ ಸರಿಯಾದ ಖರ್ಚು. ನನ್ನತ್ರ 32 ಜಿಬಿ ಡಿಡಿಆರ್4 ಇರೋ ಒಳ್ಳೇ ಬೋರ್ಡು ಇದ್ದಾಗ ನಾನು ಅದನ್ನ ಮಾಡೋದಕ್ಕೆ ಅರ್ಥ ಇರ್ಲಿಲ್ಲ.

ಈಗ ನನ್ನ ಕಥೆ.

ಪ್ರೊಸೆಸರ್ರು ಬೆಂಗಳೂರಿನ ಎಸ್‌ಪಿ ರೋಡಿಂದ ತರಿಸಿದ್ದು. ಫೋನಲ್ಲಿ ಕೇಳ್ದೆ, ಬಿ450ಗೆ ನಡೆಯತ್ತಾ ಅಂತ, "ಎಎಂ4 ತಾನೆ ಸರ್, ಹಾಕಿ ಸರ್, ಆರಾಮಾಗಿ ನಡೆಯತ್ತೆ" ಅಂದ್ರು. ಎಎಂ4 ಅಂದ್ರೆ ನನ್ನ ಬೋರ್ಡಿನ ಸಾಕೆಟ್ಟು. ಮಾತು ಸುಳ್ಳಲ್ಲ, ಅರ್ಧ ಮಾತ್ರ ಹೇಳಿದ್ರು. ನಡೆಯೋದು ಬಯಾಸ್ (ಸಿಸ್ಟಮ್ ಆನ್ ಆಗುವಾಗ ಮೊದ್ಲು ಓಡೋ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದ್ರೆ ಮಾತ್ರ. 2018ರಲ್ಲಿ ಬಂದ ಬೋರ್ಡಿನ ಒಳಗಿರೋ ಬಯಾಸಿಗೆ 2022ರ ಏಪ್ರಿಲ್‌ನಲ್ಲಿ ಹುಟ್ಟಿದ ಪ್ರೊಸೆಸರ್ ಯಾರು ಅಂತಾನೇ ಗೊತ್ತಿರಲ್ಲ. ನಾನು ಏಳು ವರ್ಷದಲ್ಲಿ ಒಂದ್ಸಲಾನೂ ಬಯಾಸ್ ಮುಟ್ಟಿರ್ಲಿಲ್ಲ, ಓಡ್ತಿರೋದನ್ನ ಯಾಕೆ ಕೆಣಕೋದು ಅಂತ.

ಹಾಗಾಗಿ ಪಾರ್ಸೆಲ್ ಬಂದ ಸಂಜೇನೇ ಹಳೇದು ತೆಗೆದು ಹೊಸದು ಹಾಕೋಕೆ ಹೊರಟೆ. ಕೂಲರಿನ ನಾಲ್ಕು ಸ್ಕ್ರೂ ಬಿಚ್ಚಿ ಮೇಲಕ್ಕೆ ಎಳೆದೆ, ಟಕ್ ಅಂತ ಶಬ್ದ ಬಂತು, ನೋಡಿದ್ರೆ ಪ್ರೊಸೆಸರ್ರೂ ಕೂಲರಿಗೆ ಅಂಟ್ಕೊಂಡೇ ಮೇಲೆ ಬಂದಿದೆ, ಸಾಕೆಟ್ಟಿನ ಲಿವರ್ ಲಾಕ್ ಆಗಿರೋ ಹಾಗೇ ಇದೆ. ಪ್ರೊಸೆಸರ್ರಿಗೂ ಕೂಲರಿಗೂ ನಡುವೆ ಹಚ್ಚಿದ್ದ ಏಳು ವರ್ಷದ ಪೇಸ್ಟು ಒಣಗಿ ಸಿಮೆಂಟ್ ಆಗಿತ್ತು. ಎಎಂ4ನಲ್ಲಿ ಪಿನ್ ಇರೋದು ಪ್ರೊಸೆಸರಿನ ಹೊಟ್ಟೇಲಿ, 1331 ಪಿನ್ನು, ಅದರಲ್ಲಿ ಒಂದು ಮೂಲೇದು ನಾಲ್ಕು ಪಿನ್ ಗಾಳಿಗೆ ಬಾಗಿದ ಭತ್ತದ ತೆನೆ ಥರ ಒಂದೇ ಕಡೆ ವಾಲಿತ್ತು. ಹಳೇದು ತಾನೆ, ಇನ್ನೇನು ಬೇಕಾಗಲ್ಲ ಅಂತ ಪಕ್ಕಕ್ಕಿಟ್ಟು ಹೊಸದನ್ನ ಕೂರಿಸ್ದೆ. ಫ್ಯಾನ್ ತಿರುಗ್ತು, ಲೈಟ್ ಉರೀತು, ಡಿಸ್‌ಪ್ಲೇ ಬರ್ಲಿಲ್ಲ. ರ‍್ಯಾಮ್ ತೆಗೆದು ಉಜ್ಜಿ ಹಾಕ್ದೆ, ಬಯಾಸ್ ಸೆಟ್ಟಿಂಗ್ ನೆನಪಿಡೋ ಸಿಎಂಒಎಸ್ ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕ್ದೆ, ಕಾರ್ಡ್ ಬದಲಾಯಿಸ್ದೆ, ರಾತ್ರಿ ಒಂದು ಗಂಟೆ. ಮಾರನೇ ದಿನ ಭಾವಂಗೆ ಫೋನ್ ಮಾಡಿದ್ರೆ ಅವ್ರು ಕೇಳಿದ ಮೊದಲ ಮಾತೇ "ಬಯಾಸ್ ಹಾಕಿದ್ಯೇನೋ?" ಅಂತ.

ಸಿಕ್ಕಾಕೊಂಡಿದ್ದು ಇಲ್ಲೇ. ಬಯಾಸ್ ಅಪ್‌ಡೇಟ್ ಮಾಡ್ಬೇಕಾದ್ರೆ ಸಿಸ್ಟಮ್ ಆನ್ ಆಗ್ಬೇಕು, ಆನ್ ಆಗ್ಬೇಕಾದ್ರೆ ಆ ಬಯಾಸಿಗೆ ಗೊತ್ತಿರೋ ಹಳೇ ಪ್ರೊಸೆಸರ್ ಬೇಕು, ಹಳೇ ಪ್ರೊಸೆಸರಿಂದು ಪಿನ್ ಬಾಗಿದೆ. ಕೆಲವು ಬೋರ್ಡಲ್ಲಿ ಹಿಂದುಗಡೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಅಂತ ಒಂದು ಬಟನ್ ಇರತ್ತೆ, ಪ್ರೊಸೆಸರೇ ಇಲ್ದೆ ಪೆನ್ ಡ್ರೈವಿಂದ ಅಪ್‌ಡೇಟ್ ಆಗತ್ತೆ, ನಂದರಲ್ಲಿ ಅದಿಲ್ಲ. ಹಾಗಾಗಿ ಮಾರನೇ ದಿನ ಬೆಳಿಗ್ಗೆ ಕಿಟಕಿ ಹತ್ರ ಬೆಳಕಿಗೆ ಕೂತೆ, ಒಂದು ಕೈಲಿ ಅಪ್ಪನ ಭೂತಗನ್ನಡಿ, ಇನ್ನೊಂದು ಕೈಲಿ ಮಗಳ ಪೆನ್ ಪೆನ್ಸಿಲ್ಲು, ಕಡ್ಡಿ ತೆಗೆದು ಖಾಲಿ ಮಾಡಿದ್ದು. ಅದರ ತುದಿಯ ತೂತೊಳಗೆ ಪಿನ್ನು ಸರಿಯಾಗಿ ಕೂರತ್ತೆ. ಒಂದೊಂದನ್ನೂ ಕೂದಲೆಳೆಯಷ್ಟು ಎತ್ತೋದು, ಪಕ್ಕದ ಸಾಲಿನ ಜೊತೆ ಹೊಂದತ್ತಾ ನೋಡೋದು, ಇನ್ನೊಂಚೂರು ಎತ್ತೋದು. ಒಂದೇ ಸಲಕ್ಕೆ ನೆಟ್ಟಗೆ ಮಾಡೋಕೆ ಹೋದ್ರೆ ಬುಡದಲ್ಲಿ ಮುರಿಯತ್ತೆ. ನಾಲ್ಕು ಪಿನ್ನಿಗೆ ಮುಕ್ಕಾಲು ಗಂಟೆ. ಆಮೇಲೆ ಸಾಕೆಟ್ ಮೇಲಿಟ್ಟಾಗ ಒತ್ತದೇನೇ ತಾನಾಗೇ ಇಳೀತು, ಆಗ ಉಸಿರು ಬಂತು.

ಪೇಸ್ಟ್ ಒಣಗಿರೋರು ಇಷ್ಟು ಮಾಡಿ ಸಾಕು: ಬಿಚ್ಚೋಕೆ ಮುಂಚೆ ಹದಿನೈದು ನಿಮಿಷ ಏನಾದ್ರೂ ಭಾರದ ಕೆಲಸ ಕೊಟ್ಟು ಪ್ರೊಸೆಸರ್ ಬಿಸಿ ಮಾಡಿ, ಆಮೇಲೆ ಆಫ್ ಮಾಡಿ, ಸ್ಕ್ರೂ ಬಿಚ್ಚಿದ್ಮೇಲೆ ಕೂಲರನ್ನ ಡಬ್ಬಿ ಮುಚ್ಚಳ ತಿರುಗಿಸಿದ ಹಾಗೆ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ, ಸಡಿಲ ಆದ್ಮೇಲೆ ಮಾತ್ರ ಎತ್ತಿ.

ಬಯಾಸ್ ಫೈಲಿನ ಕಥೇನೂ ಸಣ್ಣದಲ್ಲ. ಬೋರ್ಡಿನ ಮಾಡೆಲ್ ಹೆಸರಿನ ಕೊನೇಲಿ ಬರೋ ರಿವಿಷನ್ ನಂಬರ್ ಬೋರ್ಡಿನ ಮೇಲೇ ಸಣ್ಣದಾಗಿ ಪ್ರಿಂಟ್ ಆಗಿರತ್ತೆ, ಅದನ್ನ ನೋಡ್ಕೊಂಡೇ ಡೌನ್‌ಲೋಡ್ ಮಾಡಿ. ನನ್ನ ಬೋರ್ಡಿಗೆ ನೇರವಾಗಿ ಕೊನೇ ವರ್ಷನ್ ಹಾಕೋ ಹಾಗಿರ್ಲಿಲ್ಲ, ಮಧ್ಯದ ಒಂದು ವರ್ಷನ್ ಹಾಕಿ, ರೀಸ್ಟಾರ್ಟ್ ಮಾಡಿ, ಆಮೇಲೆ ಹೊಸದು ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಪೆನ್ ಡ್ರೈವ್ ಎಫ್‌ಎಟಿ32 ಆಗಿರ್ಬೇಕು, ನನ್ನ 64 ಜಿಬಿ ಡ್ರೈವನ್ನ ಬಯಾಸು ನೋಡಲೇ ಇಲ್ಲ, ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡೋಣ ಅಂದ್ರೆ 32 ಜಿಬಿಗಿಂತ ದೊಡ್ಡದಕ್ಕೆ ಎಫ್‌ಎಟಿ32 ಆಯ್ಕೇನೇ ತೋರ್ಸಲ್ಲ. ಕೊನೆಗೆ ಯಾವ್ದೋ ಹಳೇ ಕಸ್ಟಮರ್ ಬಿಟ್ಟು ಹೋದ 8 ಜಿಬಿ ಡ್ರೈವ್ ಸಿಕ್ತು. ಅಷ್ಟೊತ್ತಿಗೆ ಹೊರಗೆ ಮಳೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗತ್ತೆ ಹೇಳಕ್ಕಾಗಲ್ಲ, ಅಪ್‌ಡೇಟ್ ಮಧ್ಯದಲ್ಲಿ ಹೋದ್ರೆ ಬೋರ್ಡೇ ಹೋದ ಹಾಗೆ. ನನ್ನ ಯುಪಿಎಸ್ ಬ್ಯಾಟರಿ ಎರಡು ನಿಮಿಷಾನೂ ನಿಲ್ತಿರ್ಲಿಲ್ಲ, ಪಕ್ಕದ ಜೆರಾಕ್ಸ್ ಅಂಗಡಿಯಿಂದ ಯುಪಿಎಸ್ ತಂದು ಇಟ್ಟು ಆಮೇಲೇ ಎಂಟರ್ ಒತ್ತಿದೆ. ಎರಡು ಸಲ, ಒಂದೊಂದಕ್ಕೂ ನಾಲ್ಕೈದು ನಿಮಿಷ, ಕೈ ಕಟ್ಕೊಂಡು ಪರ್ಸೆಂಟೇಜ್ ನೋಡ್ತಾ ನಿಂತಿದ್ದೆ.

ಇಷ್ಟೆಲ್ಲಾ ಆದ್ಮೇಲೆ 5600 ಹಾಕಿದ್ರೆ ಹತ್ತೇ ಸೆಕೆಂಡಿಗೆ ಡಿಸ್‌ಪ್ಲೇ ಬಂತು. ಹೊಸ ಸಿಪಿಯು ಹಾಕಿದೀರಾ, ಎಫ್‌ಟಿಪಿಎಂ ರೀಸೆಟ್ ಮಾಡ್ಲಾ, ವೈ ಒತ್ತಿ ಅಥವಾ ಎನ್ ಒತ್ತಿ ಅಂತ ಕಪ್ಪು ಪರದೆ ಮೇಲೆ ಕೇಳತ್ತೆ (ಎಫ್‌ಟಿಪಿಎಂ ಅಂದ್ರೆ ಸುರಕ್ಷತಾ ಕೀಲಿಗಳನ್ನ ಇಡೋ ಭಾಗ). ನಂದರಲ್ಲಿ ಡಿಸ್ಕಿಗೆ ಬೀಗ ಹಾಕೋ ವಿಂಡೋಸಿನ ಬಿಟ್‌ಲಾಕರ್ ಆನ್ ಇರ್ಲಿಲ್ಲ, ವೈ ಒತ್ತಿದೆ. ನಿಮ್ಮದರಲ್ಲಿ ಆನ್ ಇದ್ರೆ ಪ್ರೊಸೆಸರ್ ಬದಲಾಯಿಸೋಕೆ ಮುಂಚೇನೇ ರಿಕವರಿ ಕೀ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ಡೇಟಾ ಬಾಗಿಲು ಮುಚ್ಕೊಳ್ಳತ್ತೆ. ರ‍್ಯಾಮ್ ಸ್ಪೀಡ್ 2400ಕ್ಕೆ ಇಳಿದಿತ್ತು, ಅದನ್ನ ಪೂರ್ತಿ ವೇಗಕ್ಕೆ ತರೋ ಎಕ್ಸ್‌ಎಂಪಿ ಸೆಟ್ಟಿಂಗ್ ಬಯಾಸಲ್ಲಿ ಮತ್ತೆ ಆನ್ ಮಾಡ್ಬೇಕು. ಪೇಸ್ಟಿಗೆ ಬೇರೆ 250 ರೂಪಾಯಿ, ಡಬ್ಬೀಲಿ ಬರೋ ಕೂಲರಿನ ಪೇಸ್ಟು ಮೊದಲ ದಿನದ ಪ್ರಯತ್ನದಲ್ಲೇ ಮುಗಿದಿತ್ತು.

ಕೆಲಸದಲ್ಲಿ ಏನು ವ್ಯತ್ಯಾಸ ಅಂದ್ರೆ, ಒಂದು ಮದ್ವೆಯ ಸಾವಿರ ರಾ ಫೋಟೋ ಜೆಪೆಗ್ ಮಾಡೋಕೆ ಮೊದ್ಲು ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಆಗ್ತಿತ್ತು, ಈಗ ಅರ್ಧ ಗಂಟೆ ಒಳಗೆ ಮುಗಿಯತ್ತೆ. ಭಾವನ 12400ಗೂ ಇದಕ್ಕೂ ಹೇಳ್ಕೊಳ್ಳೋ ವ್ಯತ್ಯಾಸ ಸಿಗ್ಲಿಲ್ಲ. ಗೆಳೆಯನ 7600 ಇನ್ನೂ ಐದಾರು ನಿಮಿಷ ಬೇಗ. ಕರೆಂಟ್ ಲೆಕ್ಕ ನನ್ನ ಹಳೇದು ಹೊಸದು ಎರಡೂ 65 ವ್ಯಾಟೇ.

ಇನ್ನೊಂದು ಅನುಭವ ಹೇಳ್ಲೇಬೇಕು, ಯಾಕಂದ್ರೆ ಇದೇ ಧೈರ್ಯದಲ್ಲಿ ನಾನು ಅಂಗಡಿ ಮುಂದಿರೋ ಬಿಲ್ಲಿಂಗ್ ಸಿಸ್ಟಮ್ಮಿಗೂ ಕೈ ಹಾಕ್ದೆ. ಅದು ಎಚ್110 ಬೋರ್ಡು, ಐ5-6400. ಸಾಕೆಟ್ 1151, ಸೆಕೆಂಡ್ ಹ್ಯಾಂಡಲ್ಲಿ ಐ5-8400 ಸಿಕ್ತು, ಅದೂ 1151, ಬಯಾಸ್ ಹಾಕಿದ್ರೆ ಆಯ್ತು ಅನ್ಕೊಂಡು ತಂದೆ. ಕೂರತ್ತೆ, ನಡೆಯಲ್ಲ, ಯಾವ ಬಯಾಸ್ ಅಪ್‌ಡೇಟೂ ಇದಕ್ಕಿಲ್ಲ. ಇಂಟೆಲ್ 8 ಮತ್ತು 9ನೇ ಜನರೇಷನ್‌ಗೆ 300 ಸೀರೀಸ್ ಬೋರ್ಡೇ ಬೇಕು, ಸಾಕೆಟ್ ಆಕಾರ ಅದೇ ಆದ್ರೂ ಕರೆಂಟ್ ಹೋಗೋ ಪಿನ್ನುಗಳ ಜೋಡಣೆ ಬೇರೆ. ಪಿನ್ನಿಗೆ ಟೇಪ್ ಅಂಟಿಸಿ, ಬಯಾಸ್ ತಿದ್ದಿ ಓಡಿಸೋ ಹವ್ಯಾಸದವ್ರು ಇದಾರೆ, ಆದ್ರೆ ದಿನಾ ಬಿಲ್ ಹಾಕೋ ಸಿಸ್ಟಮ್ಮಲ್ಲಿ ಅದನ್ನ ಮಾಡೋಕೆ ನನಗೆ ಮನಸ್ಸು ಬರ್ಲಿಲ್ಲ. ಆ ಬೋರ್ಡಿಗೆ ಐ7-7700 ತನಕ ಮಾತ್ರ ದಾರಿ. 8400 ಕೊಟ್ಟೋರು ವಾಪಸ್ ತಗೊಳ್ಲಿಲ್ಲ, ನಾಲ್ಕು ಸಾವಿರ ಹೋಯ್ತು.

ಅದಕ್ಕೇ ನನಗೆ ಎಎಂ4 ಮೇಲೆ ಇಷ್ಟು ಅಭಿಮಾನ. 2020ರಲ್ಲಿ 5000 ಸೀರೀಸ್ ಬರೋಕೆ ಮುಂಚೆ ಆ ಪ್ರೊಸೆಸರ್ 500 ಸೀರೀಸ್ ಬೋರ್ಡಿಗೆ ಮಾತ್ರ ಅಂತ ಎಎಂಡಿಯವ್ರು ಅಂದಿದ್ರು, ಜನ ಬಿಡದೆ ಕೇಳಿದ್ಮೇಲೆ ಬಿ450, ಎಕ್ಸ್470ಗೂ ಕೊಟ್ರು, 2022ರಲ್ಲಿ 2017ರ ಬಿ350, ಎ320 ಬೋರ್ಡುಗಳಿಗೂ ಬಂತು. ಕಷ್ಟ ಇದ್ದಿದ್ದು ನಿಜ, ಎಷ್ಟೋ ಬೋರ್ಡಲ್ಲಿ ಬಯಾಸ್ ಚಿಪ್ಪು 16 ಎಂಬಿ ಅಷ್ಟೇ, ಹೊಸ ಪ್ರೊಸೆಸರ್‌ಗೆ ಜಾಗ ಮಾಡೋಕೆ ತೀರಾ ಹಳೇದನ್ನ ತೆಗೆದಿದಾರೆ, ಬಯಾಸ್ ಪರದೆಯ ಅಲಂಕಾರಾನೂ ಕಡಿಮೆ ಮಾಡಿದಾರೆ. ಹಾಗಾಗಿ ಅಪ್‌ಡೇಟ್ ಹಾಕೋ ಮುಂಚೆ ಬೋರ್ಡಿನ ಸಿಪಿಯು ಸಪೋರ್ಟ್ ಪಟ್ಟೀಲಿ ನಿಮ್ಮ ಹಳೇ ಪ್ರೊಸೆಸರೂ ಉಳಿದಿದೆಯಾ ನೋಡಿ.

ಎಎಂ4 ಬೋರ್ಡ್ ಇರೋರಿಗೆ ನನ್ನ ಆಯ್ಕೆ 5600. 5500 ಇನ್ನೂ ಕಮ್ಮಿ ಬೆಲೆಗೆ ಸಿಗತ್ತೆ ಆದ್ರೆ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಅರ್ಧ, 32ರ ಬದಲು 16 ಎಂಬಿ. ಎಂಟು ಕೋರ್ ಬೇಕಾದ್ರೆ 5700ಎಕ್ಸ್, ಅದೂ 65 ವ್ಯಾಟೇ, ಆದ್ರೆ ಕೂಲರ್ ಡಬ್ಬೀಲಿ ಬರಲ್ಲ. ಸಣ್ಣ ಎ320 ಬೋರ್ಡಿಗೆ 105 ವ್ಯಾಟಿನ 5900ಎಕ್ಸ್ ಥರದ್ದು ಹಾಕೋಕೆ ಹೋಗ್ಬೇಡಿ, ಪವರ್ ಭಾಗ ಕಾದು ಹೋಗತ್ತೆ.

ಹಳೇ 1600 ಮಾರ್ಲಿಲ್ಲ. ನಾಲ್ಕು ಪಿನ್ ನೆಟ್ಟಗಿರೋ ಹಾಗೇ 5600ರ ಖಾಲಿ ಡಬ್ಬೀಲಿ ಇಟ್ಟಿದೀನಿ, ಊರಲ್ಲಿ ಯಾರಾದ್ರೂ ನನ್ನ ಹಾಗೇ ಬಯಾಸಿಗೆ ಸಿಕ್ಕಾಕೊಂಡ್ರೆ ಒಂದು ದಿನಕ್ಕೆ ಕೊಡ್ತೀನಿ. ಈಗಾಗ್ಲೇ ಎರಡು ಸಲ ಹೋಗಿ ಬಂದಿದೆ.