ಮೂರು ಮಳೆಗಾಲ ಕಂಡ ನನ್ನ ಬೈಕ್ ಜಿಪಿಎಸ್

ಫೋನ್ ಇರುವಾಗ ದಾರಿ ನೋಡಲು ಬೈಕಿಗೆ ಬೇರೆ ಜಿಪಿಎಸ್ ಯಾಕೆ ಅಂತ ಕೇಳದವರಿಲ್ಲ. ನಾನೂ ನಾಲ್ಕು ವರ್ಷ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡೇ ಓಡಾಡಿದವನು. ಒಂದು ದಿನ ಫೋಟೊ ತೆಗೆಯಲು ಹೋದರೆ ಚಿತ್ರ ಗಡಗಡ ನಡುಗುತ್ತಿದೆ. ನನ್ನದು 350 ಸಿಸಿಯ ಹಳೇ ಬೈಕು, ಅದರ ಅದುರು ಓಡಿಸಿದವರಿಗೇ ಗೊತ್ತು. ಕೈ ನಡುಗಿದರೂ ಫೋಟೊ ಕದಲದಿರಲಿ ಅಂತ ಲೆನ್ಸ್ ಜೊತೆ ಒಂದು ಪುಟ್ಟ ವ್ಯವಸ್ಥೆ ಇರುತ್ತದಲ್ಲ, ಅದೇ ಹೋಗಿತ್ತು. ಬೈಕಿನ ಅದುರಿಗೆ ಕ್ಯಾಮೆರಾ ಕೆಡಬಹುದು ಅಂತ ಆ್ಯಪಲ್ 2021ರಲ್ಲೇ ತನ್ನ ಗ್ರಾಹಕರಿಗೆ ಹೇಳಿತ್ತು. ನನ್ನದು ಬೇರೆ ಕಂಪನಿಯ ಫೋನು, ನಾನು ಅದನ್ನು ಓದಿರಲಿಲ್ಲ.

ಹೊಸ ಜಿಪಿಎಸ್‌ಗೆ ಅರ್ಧ ಲಕ್ಷದ ಹತ್ತಿರ ಹೇಳಿದರು. ಅಷ್ಟು ದುಡ್ಡು ಇದಕ್ಕೆ ಹಾಕಲು ಮನಸ್ಸು ಬರಲಿಲ್ಲ. ಸೆಕೆಂಡ್ ಹ್ಯಾಂಡ್ 18,000ಕ್ಕೆ ಸಿಕ್ಕಿತು. ಕಂಪನಿಯ ಹೆಸರು ಹೇಳುವುದಿಲ್ಲ, ಮುಂದೆ ಬೈಯುವುದಿದೆ.

ಮೊದಲ ಕೆಲವು ತಿಂಗಳು ಹೊಸ ಮದುವೆಯ ಹಾಗಿತ್ತು. ಸುಡುಬಿಸಿಲಲ್ಲೂ ಸ್ಕ್ರೀನ್ ಚೆನ್ನಾಗಿ ಕಾಣುತ್ತದೆ. ಗ್ಲೌಸ್ ಬಿಚ್ಚಬೇಕಿಲ್ಲ. ಫೋನ್ ಆದರೆ ಮಳೆಹನಿಯನ್ನೇ ಬೆರಳು ಅಂದುಕೊಂಡು ತಾನಾಗೇ ಮ್ಯಾಪ್ ಎಳೆದಾಡುತ್ತಿತ್ತು. ಇದಕ್ಕೆ ಆ ಕಾಟ ಇಲ್ಲ. ಶುಕ್ರವಾರ ರಾತ್ರಿ ಊಟ ಆದಮೇಲೆ ಒಂದು ಲೋಟ ಕಾಫಿ ಇಟ್ಟುಕೊಂಡು ಲ್ಯಾಪ್‌ಟಾಪಿನಲ್ಲಿ ದಾರಿ ಗೀಚುತ್ತೇನೆ. ಹಾಸನದಲ್ಲಿ ತಿಂಡಿ, ಬೇಲೂರು ಕಡೆಯಿಂದ ಮೂಡಿಗೆರೆ, ಕೊಟ್ಟಿಗೆಹಾರದಲ್ಲಿ ನೀರ್ ದೋಸೆ, ಆಮೇಲೆ ಕಳಸವೋ ಚಾರ್ಮಾಡಿಯೋ. ಒಂದೊಂದು ತಿರುವಿಗೂ ಒಂದೊಂದು ಚುಕ್ಕಿ. ಬೆಳಿಗ್ಗೆ ಹಳೇ ಬನಿಯನ್ ತುಂಡಿನಿಂದ ಗಾಜು ಒರೆಸಿ, ಕ್ಲಾಂಪ್ ಎರಡು ಸುತ್ತು ಬಿಗಿ ಮಾಡಿ ಹೊರಡುವುದು. ಹೋಟೆಲಿನ ಮುಂದೆ ನಿಲ್ಲಿಸಿದರೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಬೇರೆಯವರ ಜೇಬಿಗೆ ಹೋಗುತ್ತದೆ. ಒಮ್ಮೆ ಮೇಜಿನ ಮೇಲಿಟ್ಟು ಇಡ್ಲಿ ತಿನ್ನುತ್ತಿದ್ದೆ. ಸಪ್ಲೈಯರ್ ಹುಡುಗ ಬಗ್ಗಿ ನೋಡಿ, "ಸಾರ್, ಇದ್ರಲ್ಲಿ ಮ್ಯಾಚ್ ಬರುತ್ತಾ?" ಅಂದ.

ಈಗ ಬೈಗುಳ. ಇದರಲ್ಲಿ ಊರು ಹುಡುಕುವುದೇ ಒಂದು ತಪಸ್ಸು. ಕನ್ನಡದಲ್ಲಿ ಬರೆಯಲು ಆಗುವುದಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ಅದಕ್ಕೆ ಬೇಕಾದ ಹಾಗೇ ಇರಬೇಕು. ಶೃಂಗೇರಿಗೆ ಎಸ್ ಆದಮೇಲೆ ಆರ್ ಹಾಕಬೇಕೋ ಎಚ್ ಹಾಕಬೇಕೋ? ಮೂಡಿಗೆರೆಗೆ ಯು ಒಂದೋ, ಓ ಎರಡೋ? ನಮ್ಮ 12 ಊರುಗಳ ಇಂಗ್ಲಿಷ್ ಹೆಸರು 2014ರ ನವೆಂಬರ್ 1ಕ್ಕೇ ಬದಲಾಯಿತು. ಇದರೊಳಗೆ ಕೆಲವು ಹೊಸದಾಗಿವೆ, ಕೆಲವು ಹಾಗೇ ಕೂತಿವೆ. ಶಿವಮೊಗ್ಗ ಅಂತ ಹೊಡೆದರೆ ಸಿಗುತ್ತದೆ, ಪಕ್ಕದ ಹಳ್ಳಿಯ ವಿಳಾಸ ಹಳೇ 'ಶಿಮೊಗ' ಅಂದರೇ ಬಾಯಿ ಬಿಡುವುದು. ರಸ್ತೆ ಬದಿಯಲ್ಲಿ ಮಳೆಯಲ್ಲಿ ನೆನೆಯುತ್ತಾ ಒಂದೊಂದೇ ಅಕ್ಷರ ಬದಲಿಸುತ್ತಾ ನಿಂತರೆ ಸಿಟ್ಟು ಬರದೇ ಇರುತ್ತಾ? ಪೆಟ್ಟಿಗೆ ಅಂಗಡಿಯ ಅಜ್ಜಿಯನ್ನು ಕೇಳಿದರೆ ಅರ್ಧ ನಿಮಿಷದ ಕೆಲಸ.

ಕಳೆದ ಜುಲೈನಲ್ಲಿ ಇದನ್ನು ಹಳ್ಳಕ್ಕೆ ಎಸೆಯುವುದೊಂದು ಬಾಕಿ ಇತ್ತು. ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೊರಟಿದ್ದೆ. 'ಎಡಕ್ಕೆ ತಿರುಗಿ' ಅಂತು, ತಿರುಗಿದೆ. ಡಾಂಬರು ಹೋಗಿ ಜಲ್ಲಿ ಬಂತು, ಜಲ್ಲಿ ಹೋಗಿ ಕೆಸರು. ಅಲ್ಲಿಂದ ಮುಂದೆ ಎರಡು ಮೂರು ಕಡೆ ಕವಲು, ಸುತ್ತ ಕಾಫಿ ತೋಟ, ಕೊನೆಗೆ ಬೀಗ ಹಾಕಿದ ಗೇಟು. ಕೊಪ್ಪೆ ಹೊದ್ದ ಒಬ್ಬರು ಬಂದು, "ಇದು ತೋಟದ ರಸ್ತೆ ಮಾರಾಯ್ರೆ, ಮುಂದೆ ಎಲ್ಲಿಗೂ ಹೋಗುದಿಲ್ಲ" ಅಂದರು. ನನ್ನ ತಪ್ಪೂ ಇತ್ತು ಅನ್ನಿ. ಸೆಟ್ಟಿಂಗ್‌ನಲ್ಲಿ 'ಕಡಿಮೆ ದೂರ' ಅಂತ ಇಟ್ಟು, 'ಕಚ್ಚಾ ರಸ್ತೆ ಬೇಡ' ಅನ್ನುವುದನ್ನು ಒತ್ತಿರಲಿಲ್ಲ.

ಬೈಕು ತಿರುಗಿಸುವಷ್ಟರಲ್ಲಿ ಮಂಜು ಇಳಿದಿತ್ತು. ಹತ್ತು ಅಡಿ ಮುಂದೆ ಏನೂ ಕಾಣದು. ಯಾವ ಕವಲಿನಿಂದ ಬಂದೆ ಅನ್ನುವುದೇ ಮರೆತುಹೋಗಿತ್ತು. ಜೇಬಿನ ಫೋನ್ ತೆಗೆದರೆ ಬರೀ ನೀಲಿ ಚುಕ್ಕಿ, ಸುತ್ತ ಖಾಲಿ ಬೂದು. ಉಪಗ್ರಹ ಹಿಡಿಯಲು ಫೋನಿಗೂ ನೆಟ್‌ವರ್ಕ್ ಬೇಕಿಲ್ಲ. ಆದರೆ ಮ್ಯಾಪ್ ಮೊದಲೇ ಇಳಿಸಿಕೊಂಡಿರಬೇಕು, ನಾನು ಇಳಿಸಿರಲಿಲ್ಲ. ಜಿಪಿಎಸ್‌ನಲ್ಲಿ ಮಾತ್ರ ನಾನು ಬಂದ ದಾರಿ ಸಣ್ಣ ಗೆರೆಯಾಗಿ ಉಳಿದಿತ್ತು. ಆ ಗೆರೆ ಹಿಡಿದು ಫಸ್ಟ್ ಗೇರಿನಲ್ಲಿ ಎರಡೂ ಕಾಲು ನೆಲಕ್ಕೆ ಊರುತ್ತಾ ಮೇನ್ ರೋಡಿಗೆ ಬಂದೆ. ಮುಕ್ಕಾಲು ಗಂಟೆ ಹಿಡಿಯಿತು. ಸಿಟ್ಟು ಎಲ್ಲಿ ಇಳಿಯಿತೋ ಗೊತ್ತಾಗಲಿಲ್ಲ.

ಈಗ ಊರ ಹೆಸರು ಹುಡುಕುವ ಗೋಜಿಗೇ ಹೋಗುವುದಿಲ್ಲ. ಮನೆಯಲ್ಲೇ ಚುಕ್ಕಿ ಇಟ್ಟುಕೊಂಡು ಹೊರಡುತ್ತೇನೆ, ಅನುಮಾನ ಬಂದರೆ ಅಂಗಡಿಯಲ್ಲಿ ಕೇಳುತ್ತೇನೆ. ವಾಪಸ್ ಬರುವ ಗೆರೆಗೆ ಅಂತಲೇ ಇದನ್ನು ಇಟ್ಟುಕೊಂಡಿದ್ದೇನೆ. 18,000ಕ್ಕೆ ಸರಿ ಅನಿಸುತ್ತದೆ. ಅರ್ಧ ಲಕ್ಷ ಆಗಿದ್ದರೆ ಈ ವಿಮರ್ಶೆ ಹೀಗಿರುತ್ತಿರಲಿಲ್ಲ.

ಒಂದು ಮಾತು ಮರೆತೆ. ಜಿಪಿಎಸ್‌ನ ವೈರನ್ನು ಬ್ಯಾಟರಿಗೆ ನೇರವಾಗಿ ಕೊಡಿಸಬೇಡಿ, ಕೀ ಆಫ್ ಮಾಡಿದರೆ ಕರೆಂಟ್ ನಿಲ್ಲುವ ಹಾಗೆ ಕೊಡಿಸಿ, ಜೊತೆಗೆ ಒಂದು ಫ್ಯೂಸ್ ಹಾಕಿಸಿ. ನಾನು ಒಂದು ಭಾನುವಾರ ಬೆಳಿಗ್ಗೆ ಬ್ಯಾಟರಿ ಖಾಲಿಯಾಗಿ, ಕಿಕ್ ಹೊಡೆದೂ ಹೊಡೆದೂ ಕಲಿತಿದ್ದು.

ಮೊನ್ನೆ ನಮ್ಮ ಭಾವ, ನನಗೂ ಇಂಥದ್ದೊಂದು ಕೊಡಿಸಪ್ಪಾ ಅಂದರು. ಅವರು ಓಡಿಸುವುದು ಸ್ಕೂಟರ್, ವರ್ಷಕ್ಕೆ ಎರಡು ಸಲ ಮೈಸೂರಿಗೆ ಹೋದರೆ ಹೆಚ್ಚು. ಆ ಕ್ಯಾಮೆರಾ ಕೆಟ್ಟ ಫೋನಿಗೇ ಮ್ಯಾಪ್ ಇಳಿಸಿ ಕೊಟ್ಟು ಕಳಿಸಿದೆ. ದಾರಿ ನೋಡಲು ಕ್ಯಾಮೆರಾ ಬೇಡವಲ್ಲ.