ಝೆರೋಧಾ, ಗ್ರೋ, ಬ್ಯಾಂಕಿನ ಡಿಮ್ಯಾಟ್: ಕಾಫಿ ದುಡ್ಡಿಗೆ ಯಾವ್ದು, ತಿಂಗಳ ಸಂಬಳಕ್ಕೆ ಯಾವ್ದು

ಶೇರು ತಗೋಳೋಕೆ ಯಾವ ಬ್ರೋಕರ್ ಒಳ್ಳೇದು ಅಂತ ನಮ್ಮ ಕಡೆ ಯಾರನ್ನ ಕೇಳಿದ್ರೂ ತಾವು ಇಟ್ಕೊಂಡಿರೋದರ ಹೆಸರೇ ಹೇಳ್ತಾರೆ, ಯಾಕೆ ಅಂದ್ರೆ "ಎಲ್ರೂ ಅದನ್ನೇ ಇಟ್ಕೊಂಡಿದಾರೆ" ಅಂತಾರೆ. ಆದ್ರೆ ಮೂಡಿಗೆರೆ ಕಡೆ ತೋಟ ಮಾಡೋ ನನಗೂ, ಹಾಸನದಲ್ಲಿ ಪ್ರೈವೇಟ್ ಸ್ಕೂಲಲ್ಲಿ ಟೀಚರ್ ಆಗಿರೋ ನನ್ನ ತಂಗಿಗೂ ಒಂದೇ ಉತ್ತರ ಹೆಂಗೆ ಸರಿಹೋಗತ್ತೆ? ನನ್ನ ಕೈಗೆ ದುಡ್ಡು ಬರೋದು ಕುಯ್ಲು ಮುಗಿದು ಪಾರ್ಚ್‌ಮೆಂಟು, ಚೆರಿ ಅಂತ ಕಾಫಿ ಮಾರಿದ ಮೇಲೆ, ವರ್ಷಕ್ಕೆ ಒಂದ್ಸಲ, ಒಟ್ಟಿಗೆ. ಅವಳಿಗೆ ತಿಂಗಳಿಗೊಂದ್ಸಲ ಸಂಬಳ, ಮನೆ ಖರ್ಚು ಎಲ್ಲ ಕಳೆದು ಉಳಿಯೋದು ಮೂರೋ ನಾಲ್ಕೋ ಸಾವಿರ. ಬ್ರೋಕರ್‌ಗಳ ರೇಟ್ ಕಾರ್ಡ್ ಒಂದೇ, ಆದ್ರೆ ಈ ಎರಡು ಥರದ ದುಡ್ಡಿಗೆ ಅದು ಬೀಳೋ ರೀತಿ ಬೇರೆ ಬೇರೆ, ಅದನ್ನ ಲೆಕ್ಕ ಹಾಕಿ ಹೇಳೋರು ನನಗಂತೂ ಯಾರೂ ಸಿಗ್ಲಿಲ್ಲ.

ನಾನು ಮೂರೂ ಬಳಸಿ ನೋಡಿದೀನಿ. ಮೊದಲಿಂದ ಇದ್ದಿದ್ದು ಬ್ಯಾಂಕಿನ ತ್ರೀ ಇನ್ ಒನ್ ಅಕೌಂಟು, ಅಂದ್ರೆ ಎಸ್‌ಬಿ, ಟ್ರೇಡಿಂಗ್, ಡಿಮ್ಯಾಟ್ (ಶೇರು ಇಡೋ ಖಾತೆ) ಮೂರೂ ಒಟ್ಟಿಗೆ ಇರೋದು, ಯಾವ ಬ್ಯಾಂಕು ಅನ್ನೋದು ಬೇಡ. ಆಮೇಲೆ ಝೆರೋಧಾ, ಆಮೇಲೆ ಗ್ರೋ. ಎರಡೂ ಬೆಂಗಳೂರಿನ ಕಂಪನಿಗಳೇ, ಝೆರೋಧಾ ಶುರುವಾಗಿದ್ದು 2010ರಲ್ಲಿ, ಗ್ರೋ 2016ರಲ್ಲಿ, ಅದೂ ಬರೀ ಡೈರೆಕ್ಟ್ ಮ್ಯೂಚುಯಲ್ ಫಂಡಿಗೆ ಅಂತ ಶುರುವಾಗಿ 2020ರಲ್ಲಿ ಶೇರಿಗೆ ಬಂತು. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ನಾನು ತಗೊಂಡು ಇಟ್ಕೊಳ್ಳೋನು, ಡೆಲಿವರಿ ಮಾತ್ರ. ಬೆಳಗ್ಗೆ ತಗೊಂಡು ಮಧ್ಯಾಹ್ನ ಮಾರೋರಿಗೆ ಈ ಲೆಕ್ಕ ಉಪಯೋಗಕ್ಕೆ ಬರಲ್ಲ.

ಮೊದಲು ಎಲ್ಲಾ ಕಡೆ ಒಂದೇ ಇರೋ ಖರ್ಚು ತೆಗೆದು ಪಕ್ಕಕ್ಕಿಡೋಣ, ಯಾಕಂದ್ರೆ ಅದನ್ನ ನೋಡಿ ಸುಮಾರು ಜನ "ಝೀರೋ ಅಂದಿದ್ರು, ದುಡ್ಡು ಕಟ್ ಆಗಿದೆ" ಅಂತ ಬೈಕೊಳ್ತಾರೆ. ಒಂದು ಲಕ್ಷದ ಶೇರು ತಗೊಂಡ್ರೆ ಎಸ್‌ಟಿಟಿ ಅನ್ನೋ ಶೇರು ವಹಿವಾಟಿನ ತೆರಿಗೆ 0.1 ಪರ್ಸೆಂಟ್ ಅಂದ್ರೆ 100 ರೂಪಾಯಿ, ಸ್ಟಾಂಪ್ ಡ್ಯೂಟಿ 15 ರೂಪಾಯಿ, ಎಕ್ಸ್‌ಚೇಂಜಿನ ಚಾರ್ಜು ಹತ್ತಿರ ಹತ್ತಿರ 3 ರೂಪಾಯಿ, ಅದರ ಮೇಲೆ ಚೂರು ಜಿಎಸ್‌ಟಿ, ಒಟ್ಟು 119ರ ಹತ್ರ. ಇದು ಸರ್ಕಾರಕ್ಕೆ, ಎಕ್ಸ್‌ಚೇಂಜಿಗೆ ಹೋಗೋ ದುಡ್ಡು, ನೀವು ಯಾವ ಬ್ರೋಕರ್ ಹತ್ರ ಹೋದ್ರೂ ತಪ್ಪಲ್ಲ. ಮಾರೋವಾಗ ಸ್ಟಾಂಪ್ ಡ್ಯೂಟಿ ಇಲ್ಲ, ಎಸ್‌ಟಿಟಿ, ಎಕ್ಸ್‌ಚೇಂಜಿನ ಚಾರ್ಜು ಮತ್ತೆ ಅಷ್ಟೇ ಇದೆ.

ಈಗ ಇದರ ಮೇಲೆ ಬ್ರೋಕರ್ ಎಷ್ಟು ತಗೋತಾರೆ ನೋಡಿ. ಝೆರೋಧಾದಲ್ಲಿ ಡೆಲಿವರಿಗೆ ಬ್ರೋಕರೇಜ್ ಸೊನ್ನೆ. ಗ್ರೋದಲ್ಲಿ ಒಂದು ಆರ್ಡರಿಗೆ 20 ರೂಪಾಯಿ ಇಲ್ಲಾ 0.1 ಪರ್ಸೆಂಟ್, ಯಾವುದು ಕಮ್ಮಿನೋ ಅದು, ಆದ್ರೆ ಕನಿಷ್ಠ 5 ರೂಪಾಯಿ, ಜಿಎಸ್‌ಟಿ ಬೇರೆ. ನನ್ನ ಬ್ಯಾಂಕಿನ ಪ್ಲಾನಲ್ಲಿ ನೂರಕ್ಕೆ 50 ಪೈಸೆ, ಅಂದ್ರೆ ಲಕ್ಷಕ್ಕೆ 500, ಜಿಎಸ್‌ಟಿ ಸೇರಿ 590. ಅದೇ ಲಕ್ಷಕ್ಕೆ ಗ್ರೋದಲ್ಲಿ 23 ರೂಪಾಯಿ 60 ಪೈಸೆ. ಬ್ಯಾಂಕಿನ ಕಥೆ ಇಲ್ಲಿಗೇ ಮುಗೀತು ಅಂತ ಅನ್ಸುತ್ತೆ, ಖರ್ಚಿನ ವಿಷಯದಲ್ಲಿ ಮುಗೀತು ಕೂಡ, ಆದ್ರೆ ಅದಕ್ಕೂ ಒಂದು ಒಳ್ಳೇ ಗುಣ ಇದೆ, ಆಮೇಲೆ ಹೇಳ್ತೀನಿ.

ಹಂಗಾದ್ರೆ ಸೊನ್ನೆ ಇರೋ ಕಡೆ ಹೋಗೋದೇ ಅಲ್ವಾ ಅಂದ್ರೆ, ವರ್ಷದ ಮೇಂಟೆನೆನ್ಸ್ ಚಾರ್ಜು, ಎಎಂಸಿ ಅಂತಾರಲ್ಲ, ಅದನ್ನೂ ನೋಡ್ಬೇಕು. ಝೆರೋಧಾದಲ್ಲಿ ಮಾಮೂಲಿ ಡಿಮ್ಯಾಟಿಗೆ ವರ್ಷಕ್ಕೆ 300, ಜಿಎಸ್‌ಟಿ ಸೇರಿದ್ರೆ 354, ಮೂರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಕಟ್ ಆಗತ್ತೆ. ಗ್ರೋದಲ್ಲಿ ಎಎಂಸಿ ಇಲ್ಲ. 354ನ್ನ 23.60ರಿಂದ ಭಾಗಿಸಿ ನೋಡಿ, ಸರಿಯಾಗಿ 15 ಬರತ್ತೆ. ಅಂದ್ರೆ ವರ್ಷದಲ್ಲಿ 15ಕ್ಕಿಂತ ಕಮ್ಮಿ ದೊಡ್ಡ ಆರ್ಡರ್ ಹಾಕೋನಿಗೆ ಬ್ರೋಕರೇಜ್ ತಗೊಳೋ ಗ್ರೋನೇ ಅಗ್ಗ, ಬ್ರೋಕರೇಜ್ ಇಲ್ಲದ ಝೆರೋಧಾ ದುಬಾರಿ. ಸೀಸನ್ ದುಡ್ಡಲ್ಲಿ ಏಳೆಂಟು ಕಂಪನಿ ಶೇರು ತಗೊಂಡು ಸುಮ್ನೆ ಕೂರೋ ತೋಟದವರು ಈ ಲೆಕ್ಕದೊಳಗೇ ಬರ್ತಾರೆ. ನನಗೆ ಇದು ಗೊತ್ತಾದಾಗ ನಿಜವಾಗ್ಲೂ ಆಶ್ಚರ್ಯ ಆಯ್ತು.

ಆದ್ರೆ ಇದರಲ್ಲಿ ಇನ್ನೊಂದು ಗಂಟಿದೆ, ಅದೇ ಬಿಎಸ್‌ಡಿಎ. ಬೇಸಿಕ್ ಸರ್ವೀಸಸ್ ಡಿಮ್ಯಾಟ್ ಅಕೌಂಟ್ ಅಂತ ಶೇರು ಮಾರ್ಕೆಟ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಸೆಬಿ ಸಣ್ಣ ಹೂಡಿಕೆದಾರರಿಗೆ ಮಾಡಿರೋದು. 2024ರ ಸೆಪ್ಟೆಂಬರ್ 1ರಿಂದ ಇದರ ಮಿತಿ ಜಾಸ್ತಿ ಮಾಡಿದಾರೆ, ಡಿಮ್ಯಾಟಲ್ಲಿರೋ ಒಟ್ಟು ಮೌಲ್ಯ 4 ಲಕ್ಷದವರೆಗೆ ಎಎಂಸಿ ಸೊನ್ನೆ, 4ರಿಂದ 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ, ಅದರ ಮೇಲೆ ಹೋದ್ರೆ ಮಾಮೂಲಿ ರೇಟು. ಷರತ್ತು ಏನಂದ್ರೆ ನಿಮ್ಮ ಹೆಸರಲ್ಲಿ ದೇಶದಲ್ಲೆಲ್ಲಾ ಒಂದೇ ಡಿಮ್ಯಾಟ್ ಇರ್ಬೇಕು, ಶೇರಿನ ದಾಖಲೆ ಇಡೋ ಡಿಪಾಸಿಟರಿಗಳಾದ ಸಿಡಿಎಸ್‌ಎಲ್, ಎನ್‌ಎಸ್‌ಡಿಎಲ್ ಎರಡೂ ಸೇರಿ. ನನ್ನ ಹಾಗೆ ಮೂರು ಇಟ್ಕೊಂಡೋರಿಗೆ ಈ ಸೌಲಭ್ಯ ಸಿಗಲ್ಲ. ಸುಮ್ನೆ ರೆಫರಲ್ ದುಡ್ಡಿಗೆ ಅಂತ ಫ್ರೆಂಡ್ ಹೇಳಿದ್ದಕ್ಕೆ ಇನ್ನೊಂದು ಅಕೌಂಟ್ ತೆಗೆಯೋರು ಇದನ್ನ ಯೋಚನೆ ಮಾಡ್ಲೇಬೇಕು.

ತಂಗಿಗೆ ಈ ಲೆಕ್ಕ ಉಲ್ಟಾ ಆಯ್ತು. ಅವಳದ್ದು ಒಂದೇ ಡಿಮ್ಯಾಟು, ಮೌಲ್ಯ 4 ಲಕ್ಷದ ಒಳಗೆ, ಹಾಗಾಗಿ ಝೆರೋಧಾದಲ್ಲಿ ಬಿಎಸ್‌ಡಿಎ, ಎಎಂಸಿ ಇಲ್ಲ, ಬ್ರೋಕರೇಜೂ ಇಲ್ಲ. ಅವಳು ತಿಂಗಳಿಗೆ ಒಂದು ಸಾವಿರದ ಥರ ಮೂರ್ನಾಲ್ಕು ಶೇರು ತಗೋತಾಳೆ. ಸಾವಿರ ರೂಪಾಯಿಯ ಆರ್ಡರಿಗೆ 5 ರೂಪಾಯಿ ಬ್ರೋಕರೇಜ್, ಮೇಲೆ 90 ಪೈಸೆ ಜಿಎಸ್‌ಟಿ ಕೊಟ್ರೆ ಅದು ಅರ್ಧ ಪರ್ಸೆಂಟಿಗಿಂತ ಜಾಸ್ತಿ, ಅಂದ್ರೆ ಹೆಚ್ಚೂ ಕಮ್ಮಿ ನನ್ನ ಬ್ಯಾಂಕಿನ ರೇಟೇ! ಲಕ್ಷದ ಆರ್ಡರಿಗೆ ಚಿಲ್ಲರೆ ಅನ್ಸಿದ್ದು ಸಾವಿರದ ಆರ್ಡರಿಗೆ ಭಾರ. "ಅಣ್ಣ, ನಿಂಗೆ ಗ್ರೋ ಸರಿ ಇರ್ಬಹುದು, ನಂಗೆ ಅದು ಬೇಡ" ಅಂತ ಅವಳೇ ಲೆಕ್ಕ ಹಾಕಿ ಹೇಳಿದ್ಲು, ಸರಿಯಾಗೇ ಹೇಳಿದ್ಲು.

ಮಾರೋವಾಗ ಡಿಮ್ಯಾಟಿಂದ ಶೇರು ಹೊರಗೆ ಹೋಗೋದಕ್ಕೆ ಡಿಪಿ ಚಾರ್ಜ್ ಅಂತ ಒಂದಿದೆ, ಇದು ಝೆರೋಧಾದಲ್ಲೂ ಇದೆ, ಗ್ರೋದಲ್ಲೂ ಇದೆ, 15ರಿಂದ 25 ರೂಪಾಯಿ ಒಳಗೆ. ಒಂದು ಕಂಪನಿ ಶೇರು ಒಂದು ದಿನದಲ್ಲಿ ಎಷ್ಟು ಮಾರಿದ್ರೂ ಒಂದೇ ಸಲ ಬೀಳತ್ತೆ, ಹತ್ತು ಶೇರಾದ್ರೂ ಅಷ್ಟೇ ಸಾವಿರ ಶೇರಾದ್ರೂ ಅಷ್ಟೇ. ಅದಕ್ಕೇ ಇವತ್ತು ಎರಡು ನಾಳೆ ಎರಡು ಅಂತ ಮಾರ್ಬಾರ್ದು. ಐನೂರು ರೂಪಾಯಿ ಶೇರು ಮಾರಿ 15 ರೂಪಾಯಿ ಡಿಪಿ ಕೊಟ್ರೆ ಅಲ್ಲಿಗೇ 3 ಪರ್ಸೆಂಟ್ ಹೋಯ್ತು.

ಇನ್ನೊಂದು ವಿಷಯ, ಉಚಿತ ಅನ್ನೋದು ಕೊನೇವರೆಗೂ ಉಚಿತ ಇರತ್ತೆ ಅಂತ ನಂಬ್ಕೊಂಡು ಬ್ರೋಕರ್ ಆರಿಸ್ಬೇಡಿ. ಮೊದಲು ಎಕ್ಸ್‌ಚೇಂಜ್‌ನವರು ಜಾಸ್ತಿ ವ್ಯಾಪಾರ ತರೋ ಬ್ರೋಕರಿಗೆ ಕಮ್ಮಿ ರೇಟ್ ಹಾಕ್ತಿದ್ರು, ಬ್ರೋಕರ್ ನಮ್ಮ ಹತ್ರ ಪೂರ್ತಿ ರೇಟ್ ತಗೊಂಡು ಮಧ್ಯದ ದುಡ್ಡು ಇಟ್ಕೋತಿದ್ರು. ಸೆಬಿ ಇದನ್ನ ನಿಲ್ಸಿ 2024ರ ಅಕ್ಟೋಬರ್ 1ರಿಂದ ಎಲ್ರಿಗೂ ಒಂದೇ ರೇಟ್ ಮಾಡ್ತು. ಆ ಆದಾಯ ಹೋದ ಮೇಲೆ ಅಲ್ಲೀವರೆಗೆ ಡೆಲಿವರಿ ಫ್ರೀ ಕೊಡ್ತಿದ್ದ ಏಂಜೆಲ್ ಒನ್ ಅನ್ನೋ ಬ್ರೋಕರ್ ನವೆಂಬರ್ 1ರಿಂದ ಬ್ರೋಕರೇಜ್ ಹಾಕೋಕೆ ಶುರು ಮಾಡ್ತು. ಝೆರೋಧಾ ಫ್ರೀ ಆಗೇ ಉಳಿಸ್ಕೊಂತು. ಹಾಗಾಗಿ ರೇಟ್ ಕಾರ್ಡನ್ನ ವರ್ಷಕ್ಕೊಂದ್ಸಲನಾದ್ರೂ ತೆಗೆದು ನೋಡ್ಬೇಕು.

ಈಗ ನಮ್ಮ ಮಲೆನಾಡಿನ ದೊಡ್ಡ ಸಮಸ್ಯೆಗೆ ಬರ್ತೀನಿ, ಬೆಂಗಳೂರಲ್ಲಿ ಕೂತು ರಿವ್ಯೂ ಮಾಡೋರಿಗೆ ಇದು ತಲೆಗೇ ಹೋಗಲ್ಲ. ಜೂನ್ ಜುಲೈ ಮಳೇಲಿ ಮರ ಬಿದ್ದು ಕರೆಂಟ್ ಹೋದ್ರೆ ಎರಡು ದಿನ ಇಲ್ಲ, ಟವರ್ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಇಲ್ಲ. ಮನೇಲಿ ಫೈಬರ್ ಲೈನ್ ಉಳಿದಿದ್ರೆ ಯುಪಿಎಸ್ಸಲ್ಲಿ ವೈಫೈ ಬರತ್ತೆ, ಆದ್ರೆ ಎಸ್‌ಎಂಎಸ್ ಬರಲ್ಲ. ಅಂದ್ರೆ ಇಂಟರ್ನೆಟ್ ಇದ್ದೂ ಓಟಿಪಿ ಇಲ್ಲದೆ ಲಾಗಿನ್ ಆಗಕ್ಕಾಗಲ್ಲ. ನನ್ನ ಬ್ಯಾಂಕಿನ ಆ್ಯಪು ಪ್ರತೀ ಸಲ ಎಸ್‌ಎಂಎಸ್ ಓಟಿಪಿನೇ ಕೇಳೋದು, ಮಾರ್ಕೆಟ್ ಬಿದ್ದ ದಿನ ತಗೋಬೇಕು ಅಂತ ಆಸೆ ಇದ್ರೂ ಫೋನ್ ಹಿಡ್ಕೊಂಡು ಗೇಟ್ ಹತ್ರದ ದಿಣ್ಣೆ ಹತ್ತಿ ನಿಂತು ಕಾಯ್ತಿದ್ದೆ, ಮೆಸೇಜ್ ಬರೋ ಹೊತ್ತಿಗೆ ಸೆಷನ್ ಎಕ್ಸ್‌ಪೈರ್ ಆಗಿರ್ತಿತ್ತು. ಝೆರೋಧಾದ ಕೈಟ್ ಆ್ಯಪಲ್ಲಿ ಟಿಒಟಿಪಿ ಹಾಕ್ಕೊಳ್ಬಹುದು. ಆಥೆಂಟಿಕೇಟರ್ ಆ್ಯಪ್ ಫೋನಲ್ಲೇ ಅರ್ಧ ನಿಮಿಷಕ್ಕೊಂದು ನಂಬರ್ ಹುಟ್ಸತ್ತೆ, ಅದಕ್ಕೆ ಸಿಗ್ನಲ್ ಬೇಡ, ಇಂಟರ್ನೆಟ್ಟೂ ಬೇಡ. ನಮ್ಮ ಕಡೆಯವರು ಬೇರೆ ಏನು ಮಾಡದೇ ಇದ್ರೂ ಈ ಒಂದು ಸೆಟ್ಟಿಂಗ್ ಬೇಸಿಗೇಲೇ ಮಾಡಿಟ್ಕೊಳ್ಳಿ.

ಜಿಟಿಟಿ (ಗುಡ್ ಟಿಲ್ ಟ್ರಿಗರ್ಡ್) ಆರ್ಡರ್ ಝೆರೋಧಾ, ಗ್ರೋ ಎರಡೂ ಕಡೆ ಇದೆ, ಇದು ತೋಟದವರಿಗೆ ದೊಡ್ಡ ಅನುಕೂಲ. ಇಷ್ಟು ರೇಟಿಗೆ ಬಂದ್ರೆ ತಗೋ ಅಂತ ಇವತ್ತೇ ಹಾಕಿಟ್ರೆ ಅದು ಬ್ರೋಕರ್ ಸರ್ವರಲ್ಲಿ ಕೂತಿರತ್ತೆ, ನಿಮ್ಮ ಮನೇಲಿ ಕರೆಂಟ್ ಇದ್ರೆಷ್ಟು ಬಿಟ್ರೆಷ್ಟು. ಆದ್ರೆ ಎರಡು ವಿಷಯ ಗೊತ್ತಿರ್ಲಿ. ಟ್ರಿಗರ್ ಆದ ಮೇಲೆ ಹೋಗೋದು ಲಿಮಿಟ್ ಆರ್ಡರ್, ರೇಟು ನಿಮ್ಮ ಲಿಮಿಟ್ ದಾಟಿ ಜಿಗಿದಿದ್ರೆ ಆರ್ಡರ್ ಆಗಲ್ಲ. ಎರಡನೇದು ಮಾರೋ ಜಿಟಿಟಿದು. ಮಾರಿದ ಶೇರು ತೆಗೆಯೋಕೆ ಬ್ರೋಕರಿಗೆ ಮೊದ್ಲೇ ಬರೆದುಕೊಡೋ ಡಿಡಿಪಿಐ ಅನ್ನೋ ಅಧಿಕಾರ ಕೊಟ್ಟಿಲ್ಲ ಅಂದ್ರೆ ಶೇರು ಮಾರೋ ಮುಂಚೆ ಸಿಡಿಎಸ್‌ಎಲ್ ಟಿಪಿನ್ (ಅವರು ಕೊಡೋ ಗುಟ್ಟಿನ ನಂಬರ್) ಹಾಕಿ, ಓಟಿಪಿ ಹಾಕಿ ಒಪ್ಪಿಗೆ ಕೊಡ್ಬೇಕು, ಒಪ್ಪಿಗೆ ಇಲ್ಲದೆ ಟ್ರಿಗರ್ ಆದ್ರೆ ಆರ್ಡರ್ ರಿಜೆಕ್ಟ್. ಆ ಓಟಿಪಿ ಈಮೇಲಿಗೂ ಬರತ್ತೆ ಅನ್ನೋದು ಒಂದು ಸಮಾಧಾನ. ಹಳೇ ಪವರ್ ಆಫ್ ಅಟಾರ್ನಿ ಬದಲು 2022ರಿಂದ ಬಂದಿರೋದು ಈ ಡಿಡಿಪಿಐ, ಶೇರು ಮಾರಿದಾಗ ತೆಗೆಯೋಕೆ, ಅಡ ಇಡೋಕೆ ಇಂಥ ಕೆಲವೇ ಕೆಲಸಕ್ಕೆ ಸೀಮಿತ, ಹಾಗಾಗಿ ನಾನು ಧೈರ್ಯವಾಗಿ ಕೊಟ್ಟಿದೀನಿ.

ಬ್ಯಾಂಕಿನ ಒಳ್ಳೇ ಗುಣ ಅಂದ್ನಲ್ಲ. ದುಡ್ಡು ನಮ್ಮ ಎಸ್‌ಬಿ ಅಕೌಂಟಲ್ಲೇ ಇರತ್ತೆ, ಆರ್ಡರ್ ಹಾಕ್ದಾಗ ಮಾತ್ರ ಬ್ಲಾಕ್ ಆಗತ್ತೆ, ಅಲ್ಲೀವರೆಗೂ ಬಡ್ಡಿ ಬರತ್ತೆ. ಝೆರೋಧಾ, ಗ್ರೋ ಥರದ ಡಿಸ್ಕೌಂಟ್ ಬ್ರೋಕರಿಗೆ ದುಡ್ಡು ಹಾಕಿ ಸುಮ್ನೆ ಬಿಟ್ರೆ ಬಡ್ಡಿ ಇಲ್ಲ. ಸೀಸನ್ನಲ್ಲಿ ಎರಡು ಮೂರು ಲಕ್ಷ ಒಟ್ಟಿಗೆ ಬರೋ ನಮ್ಮಂಥೋರಿಗೆ ಇದು ಸಣ್ಣ ವಿಷಯ ಅಲ್ಲ, ಬೇಕಾದಷ್ಟೇ ಬೇಕಾದಾಗ ಯುಪಿಐನಲ್ಲಿ ಹಾಕೋದು ನನ್ನ ರೂಢಿ. ಇನ್ನೇನು ಬ್ಯಾಂಕಿನ ಬಗ್ಗೆ ಹೇಳೋಕಿಲ್ಲ, ರಿಲೇಷನ್‌ಶಿಪ್ ಮ್ಯಾನೇಜರ್ ಫೋನ್ ಮಾಡೋದೆಲ್ಲ ಇನ್ಶೂರೆನ್ಸ್ ಮಾರೋಕೇ.

ಎಫ್ ಅಂಡ್ ಓ, ಅಂದ್ರೆ ರೇಟು ಏರತ್ತೋ ಇಳಿಯತ್ತೋ ಅಂತ ಫ್ಯೂಚರ್ಸ್, ಆಪ್ಷನ್ಸ್ ಕರಾರಲ್ಲಿ ಬಾಜಿ ಕಟ್ಟೋದು, ಅದರ ಬಗ್ಗೆ ಹೇಳದೆ ಇರಕ್ಕಾಗಲ್ಲ. ಹಾಸನದಲ್ಲಿ ಡಿಗ್ರಿ ಓದೋ ಹುಡುಗ್ರು ಟೀ ಅಂಗಡೀಲಿ ಕೂತು ಮಂಗಳವಾರ ನಿಫ್ಟಿ ಎಕ್ಸ್‌ಪೈರಿ (ಕರಾರು ಮುಗಿಯೋ) ದಿನ ಆಪ್ಷನ್ ಆಡೋದು ಕಣ್ಣಾರೆ ನೋಡ್ತಿದೀನಿ, ಹೊಟ್ಟೆ ಉರಿಯತ್ತೆ. ಸೆಬಿ 2024ರಲ್ಲಿ ಬಿಟ್ಟ ಅಧ್ಯಯನದಲ್ಲಿ ಹಿಂದಿನ ಮೂರು ಹಣಕಾಸು ವರ್ಷದಲ್ಲಿ ಎಫ್ ಅಂಡ್ ಓ ಮಾಡಿದ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ಲಾಸು, ಒಟ್ಟು 1.8 ಲಕ್ಷ ಕೋಟಿ ರೂಪಾಯಿ ಹೋಗಿದೆ. ಅಕೌಂಟ್ ತೆಗೆಯೋವಾಗ ಈ ಸೆಗ್ಮೆಂಟಿಗೆ ಆದಾಯದ ಪ್ರೂಫ್ ಕೇಳ್ತಾರೆ, ಕೊಡ್ಬೇಡಿ, ಆಕ್ಟಿವೇಟ್ ಆಗಲ್ಲ. ಝೆರೋಧಾದಲ್ಲಿ ಕಿಲ್ ಸ್ವಿಚ್ ಅಂತ ಇದೆ, ಮೊದಲೇ ಆನ್ ಆಗಿದ್ರೆ ಅದರಲ್ಲಿ ಆಫ್ ಮಾಡ್ಬಹುದು. ಮನೇಲಿ ಹುಡುಗ್ರಿಗೆ ಅಕೌಂಟ್ ಮಾಡ್ಸಿಕೊಡೋರು ಇದನ್ನ ಮಾಡ್ಲೇಬೇಕು.

ಟ್ಯಾಕ್ಸ್ ರಿಪೋರ್ಟ್ ಝೆರೋಧಾ, ಗ್ರೋ ಎರಡರಲ್ಲೂ ಚೆನ್ನಾಗಿದೆ, ಆಡಿಟರಿಗೆ ಫೈಲ್ ಕಳಿಸಿದ್ರೆ ಆಯ್ತು. ನಮ್ಮ ಕಡೆ ಒಂದು ತಪ್ಪು ಕಲ್ಪನೆ ಇದೆ, ತೋಟದೋರಿಗೆ ಟ್ಯಾಕ್ಸ್ ಇಲ್ಲ ಅಂತ. ಹಣ್ಣು ಒಣಗಿಸಿ ಹಂಗೇ ಮಾರಿದ ಕಾಫಿ ದುಡ್ಡು ಕೃಷಿ ಆದಾಯ ಸರಿ, ಆದ್ರೆ ಆ ದುಡ್ಡಲ್ಲಿ ತಗೊಂಡ ಶೇರಿನ ಲಾಭ ಕೃಷಿ ಆದಾಯ ಅಲ್ಲ. ವರ್ಷದೊಳಗೆ ಮಾರಿದ್ರೆ 20 ಪರ್ಸೆಂಟ್, ವರ್ಷ ದಾಟಿದ ಮೇಲೆ 1.25 ಲಕ್ಷಕ್ಕಿಂತ ಮೇಲಿನ ಲಾಭಕ್ಕೆ 12.5 ಪರ್ಸೆಂಟ್.

ಎಲ್ಲಾ ನೋಡಿ ನಾನು ಬ್ಯಾಂಕಿನ ಡಿಮ್ಯಾಟ್ ಮುಚ್ಚೋಕೆ ಹೊರಟಿದೀನಿ. ಆಮೇಲೆ ಉಳಿಯೋ ಎರಡರಲ್ಲಿ ಝೆರೋಧಾ ಇಟ್ಕೊಂಡು ಗ್ರೋ ಬಿಡ್ತೀನಿ. ಲೆಕ್ಕದಲ್ಲಿ ನನಗೆ ಗ್ರೋ ಅಗ್ಗ ಅಂತ ನಾನೇ ಹೇಳ್ದೆ, ಆದ್ರೆ ಒಂದೇ ಡಿಮ್ಯಾಟ್ ಆದ್ರೆ ನನ್ನ ಹೋಲ್ಡಿಂಗು 10 ಲಕ್ಷದ ಒಳಗೇ ಇರೋದ್ರಿಂದ ಬಿಎಸ್‌ಡಿಎ ಸಿಗತ್ತೆ, ಎಎಂಸಿ 100ಕ್ಕೆ ಇಳಿಯತ್ತೆ, ಅಲ್ಲಿಗೆ ಲೆಕ್ಕ ಮತ್ತೆ ತಿರುಗತ್ತೆ, ಮಳೆಗಾಲದ ಟಿಒಟಿಪಿ ಇದ್ದೇ ಇದೆ. 10 ಲಕ್ಷ ದಾಟಿದೋರು, ವರ್ಷಕ್ಕೆ ನಾಲ್ಕೈದು ಆರ್ಡರ್ ಹಾಕೋರು ಗ್ರೋದಲ್ಲೇ ಆರಾಮಾಗಿರ್ಬಹುದು.

ಮುಚ್ಚೋವಾಗ ಶೇರು ಮಾರ್ಬೇಕಾಗಿಲ್ಲ. ಹೊಸ ಬ್ರೋಕರಿಂದ ಸಿಎಂಆರ್ (ನಿಮ್ಮ ಡಿಮ್ಯಾಟಿನ ವಿವರ ಇರೋ ಪತ್ರ) ಕಾಪಿ ತಗೊಂಡು ಕ್ಲೋಶರ್ ಫಾರ್ಮ್ ಜೊತೆ ಕೊಟ್ರೆ ಶೇರು ನಿಮ್ಮದೇ ಇನ್ನೊಂದು ಡಿಮ್ಯಾಟಿಗೆ ಹೋಗತ್ತೆ, ಹಂಗೆ ಹೋಗೋದಕ್ಕೆ ಟ್ಯಾಕ್ಸ್ ಇಲ್ಲ. ಆದ್ರೆ ಹೊಸ ಕಡೆ ನೀವು ಕೊಂಡ ರೇಟು ತಾನಾಗೇ ಬರಲ್ಲ, ನಾವೇ ತುಂಬ್ಬೇಕು. ಬ್ಯಾಂಕಿನ ಡಿಮ್ಯಾಟಲ್ಲಿ ನನ್ನ ಹತ್ರ ಟಾಟಾ ಕಾಫಿ ಶೇರಿತ್ತು, ಅದು 2024ರ ಜನವರೀಲಿ ಟಾಟಾ ಕನ್ಸ್ಯೂಮರ್ ಜೊತೆ ಸೇರಿ 10 ಶೇರಿಗೆ 3 ಶೇರಾಯ್ತು. ಅಂದ್ರೆ 100 ರೂಪಾಯಿ ಥರ 200 ಶೇರು ತಗೊಂಡಿದ್ರೆ ಈಗ 60 ಶೇರು, ಒಂದಕ್ಕೆ 333 ರೂಪಾಯಿ ಅಂತ ಬರೀಬೇಕು, ತಾರೀಖು ಟಾಟಾ ಕಾಫಿ ತಗೊಂಡ ಹಳೇ ತಾರೀಖೇ. ಇದಕ್ಕೆಲ್ಲ ಹಳೇ ಕಾಂಟ್ರಾಕ್ಟ್ ನೋಟ್, ಅಂದ್ರೆ ಶೇರು ತಗೊಂಡಾಗ ಬ್ರೋಕರ್ ಕೊಟ್ಟ ಬಿಲ್ಲು ಬೇಕು, ಅಕೌಂಟ್ ಮುಚ್ಚಿದ ಮೇಲೆ ಆ ಲಾಗಿನ್ ಇರಲ್ಲ, ಅದಕ್ಕೆ ಮೊದಲು ಎಲ್ಲಾ ಡೌನ್‌ಲೋಡ್ ಮಾಡ್ಕೊಂಡು ಆಮೇಲೆ ಫಾರ್ಮಿಗೆ ಸೈನ್ ಹಾಕಿ.