ಬಾವಿ ನೀರಿನ ಕೆಮಿಕಲ್ ಪರೀಕ್ಷೆ: ಮೈಸೂರಿನ ಒಂದು ಲ್ಯಾಬ್ ಬಗ್ಗೆ

ಸುಂಟಿಕೊಪ್ಪದ ಹತ್ತಿರ ನಮ್ಮ ಸಣ್ಣ ಕಾಫಿ ತೋಟ. ಬಾವಿಯ ಮೇಲ್ಭಾಗಕ್ಕೆ ದೊಡ್ಡ ಎಸ್ಟೇಟ್, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಅವರ ಪಲ್ಪರ್ ಯಂತ್ರ. ಕಾಯಿಕೊರಕ ಹುಳುವಿಗೆ ಕೀಟನಾಶಕ ಕ್ಲೋರ್‌ಪೈರಿಫಾಸ್, ಮಳೆಗೆ ಮೊದಲು ತಾಮ್ರದ ಬೋರ್ಡೋ ದ್ರಾವಣ, ವರ್ಷಕ್ಕೆರಡು ಸಲ ಗೊಬ್ಬರ. ಮಗಳು ಬಾಣಂತನಕ್ಕೆ ಬಂದ ಮೇಲೆ, ಮಗುವಿನ ಹಾಲಿನ ಪುಡಿಗೆ ಈ ನೀರು ಹಾಕಬಹುದಾ ಅಂತ ಯೋಚನೆಯಾಯಿತು.

ಮೊದಲು ಫಿಲ್ಟರ್ ಮಾರುವವರೊಬ್ಬರು ಟಿಡಿಎಸ್ ಮೀಟರ್ ಅದ್ದಿ, "60 ಇದೆ, ಬಂಗಾರದಂಥ ನೀರು" ಅಂದರು. ಆ ಮೀಟರ್ ನೋಡುವುದು ಕರಗಿದ ಲವಣವನ್ನು ಮಾತ್ರ. ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿರುವ ಕೀಟನಾಶಕ, ಸೀಸ ಅದಕ್ಕೆ ಕಾಣುವುದೇ ಇಲ್ಲ. ನಮ್ಮ ಕಡೆಯ ನೀರಿನಲ್ಲಿ ಲವಣ ಹೇಗೂ ಕಡಿಮೆ.

ಈ ಲ್ಯಾಬ್ ನನಗೆ ಇಷ್ಟವಾಗಿದ್ದು ಫೋನಿನಲ್ಲೇ. ಪ್ಯಾಕೇಜ್ ಹೇಳುವ ಮೊದಲು ಆ ಹುಡುಗಿ, "ಮೇಡಂ, ಬಾವಿ ಮೇಲೆ ಏನಿದೆ? ಏನು ಸಿಂಪಡಿಸ್ತಾರೆ?" ಅಂತ ಕೇಳಿದಳು. ಅದರ ಮೇಲೆ ಪಟ್ಟಿ ಮಾಡಿದಳು: ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಗೊಬ್ಬರದಿಂದ ಬರುವ ನೈಟ್ರೇಟ್, ತಾಮ್ರ, ಸೀಸ, ಕೀಟನಾಶಕ, ಜೊತೆಗೆ ಬ್ಯಾಕ್ಟೀರಿಯಾ. ಎನ್‌ಎಬಿಎಲ್ (ಲ್ಯಾಬ್ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಒಂದೊಂದು ಪರೀಕ್ಷೆಗೂ ಬೇರೆ ಬೇರೆ ಇರುತ್ತದೆ, ಬೋರ್ಡ್ ನೋಡಿ ಸುಮ್ನೆ ನಂಬಬೇಡಿ, ಯಾವ ಪರೀಕ್ಷೆಗೆ ಮಾನ್ಯತೆ ಇದೆ ಅನ್ನುವ ಪಟ್ಟಿ ಕೇಳಿ. ಇವರು ಕೇಳಿದ ತಕ್ಷಣ ಕಳಿಸಿದರು.

ಬಾಟಲಿಗಳನ್ನೂ ಅವರೇ ಕೊಟ್ಟರು. ಕೀಟನಾಶಕಕ್ಕೆ ಕಂದು ಗಾಜಿನದು. ಲೋಹಕ್ಕೆ ಆಸಿಡ್ ಹಾಕಿದ ಪ್ಲಾಸ್ಟಿಕ್, ಅದನ್ನು ತೊಳೆಯಲೇಬಾರದು. ಬಾವಿಯಿಂದ ಒಂದು ಸ್ಯಾಂಪಲ್, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಬೆಳಿಗ್ಗೆ ನಲ್ಲಿಯಿಂದ ಬರುವಾಗ ಇನ್ನೊಂದು. ಐಸ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ ಹುಣಸೂರು ದಾರಿಯಲ್ಲಿ ಅದೇ ದಿನ ಮುಟ್ಟಿಸಿದೆವು.

ಎರಡು ಸ್ಯಾಂಪಲ್ ಯಾಕೆ ಅಂತ ರಿಪೋರ್ಟ್ ನೋಡಿದಾಗ ಗೊತ್ತಾಯಿತು. ಕೀಟನಾಶಕ ಸಿಗಲಿಲ್ಲ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿಗಿಂತ ತುಂಬಾ ಕೆಳಗೆ. ಬಾವಿಯಲ್ಲಿ ತಾಮ್ರವೂ ಇಲ್ಲದಷ್ಟೇ, ಆದರೆ ನಲ್ಲಿ ನೀರಿನಲ್ಲಿ ಜಾಸ್ತಿ. ಪಿಎಚ್ 6.5ಕ್ಕಿಂತ ಕಡಿಮೆ ಇರುವ ಮೆದು ನೀರು ಹಳೆಯ ಹಿತ್ತಾಳೆ ನಲ್ಲಿಯನ್ನು ಕರಗಿಸುತ್ತಿದೆ. ಸೀಸ ಲೀಟರಿಗೆ 0.01 ಮಿಲಿಗ್ರಾಂ ಮಿತಿಯೊಳಗೇ ಇತ್ತು, ಆದರೂ ಮಗುವಿರುವ ಮನೆ ಅಲ್ವಾ, ನಲ್ಲಿ ಬದಲಾಯಿಸಿದೆವು. ಕುದಿಸಿದರೆ ಲೋಹ, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಹೆಚ್ಚುತ್ತದೆ.

ಬೇಸರ ಒಂದೇ. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿ. 'ಬಿಡಿಎಲ್' ಅಂದರೆ ಯಂತ್ರ ಹಿಡಿಯುವಷ್ಟು ಇಲ್ಲ ಅಂತ, ಸೊನ್ನೆ ಅಂತಲ್ಲ. ಇದನ್ನು ನಾವೇ ಫೋನ್ ಮಾಡಿ ಕೇಳಬೇಕಾಯಿತು. ಕೊಡಗಿನಿಂದಲೂ ಇಷ್ಟು ಜನ ಹೋಗುವಾಗ ಕನ್ನಡದಲ್ಲಿ ಒಂದು ಪುಟ ಕೊಡಬೇಕು. ಕೀಟನಾಶಕ ಸೇರಿದರೆ ಖರ್ಚೂ ಸಾವಿರಗಟ್ಟಲೆ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಒಟ್ಟಿಗೆ ಹೋದರೆ ಓಡಾಟದ ಖರ್ಚಾದರೂ ಹಂಚಿಕೆಯಾಗುತ್ತದೆ.

ನಾವು ಕೊಟ್ಟಿದ್ದು ಜನವರಿಯ ನೀರು, ಪಲ್ಪಿಂಗ್ ಸಮಯದ್ದು. ಸಿಂಪಡಣೆ ಮುಗಿದು ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಇನ್ನೊಮ್ಮೆ ಇವರಲ್ಲೇ ಕೊಡುತ್ತೇನೆ.